ಆಯುಧಪೂಜೆಗೆ ಮುನ್ನ ಬಟ್ಟೆ ಹುಡ್ಡುಗಳ ಬಗ್ಗೆ

ಮಾನ್ಯ ಸಂಪಾದಕರಿಗೆ,

ನವರಾತ್ರಿ ಹತ್ತಿರವಾಯಿತು. ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ವಾಟರ್ ಸರ್ವಿಸ್ ಅಂಗಳಗಳ ಮುಂದೆ ಇನ್ನು ವಾಹನಗಳ ಸಾಲು ನಿಲ್ಲುತ್ತದೆ. ನಾಲ್ಕು ತಿಂಗಳ ಕೆಸರು ತೊಳೆಸಿ, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ ಪೂಜೆ ಮಾಡುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಆ ಸಾಲಿನಲ್ಲಿ ಬಟ್ಟೆಯ ಮಾಡು, ಎಂದರೆ ಹುಡ್ಡು, ಹೊತ್ತ ಗಾಡಿಗಳೂ ಇರುತ್ತವೆ: ಘಟ್ಟದ ಹಳೆಯ ಎಂಎಂ 540 ಜೀಪುಗಳು, ಜಿಪ್ಸಿಗಳು, 2020ರ ನಂತರದ ಮಡಚುವ ಟಾಪಿನ ಥಾರ್‌ಗಳು, ಗೋವಾ ಗಡಿ ದಾಟಿ ಬರುವ ಕನ್ವರ್ಟಿಬಲ್ ಕಾರುಗಳು. ಹುಡ್ಡು ಹೊಲಿಯುವ, ಬಿಚ್ಚಿ ಕೂರಿಸುವ, ದುರಸ್ತಿ ಮಾಡುವ ಕೆಲಸದಲ್ಲಿರುವ ನಾವು ಈ ಗಾಡಿಗಳ ಪರವಾಗಿ ಬರೆಯುತ್ತಿದ್ದೇವೆ. ಕರಾವಳಿಯ ಮಳೆಗೆ ಹುಡ್ಡು ತಾಳುವುದಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆಯನ್ನು ಒಳ್ಳೆಯ ಹುಡ್ಡು ತಾಳುತ್ತದೆ. ಅದು ತಾಳದಿರುವುದು ತಪ್ಪಾಗಿ ತೊಳೆಯುವುದನ್ನು, ಹಸಿಯಾಗಿ ಮಡಚುವುದನ್ನು ಮತ್ತು ಮೈಮೇಲೆ ಕೂತ ಉಪ್ಪನ್ನು.

ಮೊದಲನೆಯದಾಗಿ ಪ್ರೆಶರ್ ಗನ್. ತೊಳೆಯುವ ಪಂಪಿನ ಒತ್ತಡ ಸಾಮಾನ್ಯವಾಗಿ 100 ಬಾರ್ ಮೀರಿರುತ್ತದೆ. ಚಕ್ರದ ಕಮಾನಿಗೆ, ಚಾಸಿಗೆ ಅದು ಸರಿ. ಬಟ್ಟೆಗೆ ಹತ್ತಿರ ಹಿಡಿದರೆ ನೇಯ್ಗೆಯ ಎಳೆಗಳು ಏಳುತ್ತವೆ, ಮೇಲ್ಮೈ ಜುಂಜು ಜುಂಜಾಗುತ್ತದೆ, ಹೊಲಿಗೆಯ ತೂತುಗಳು ಅಗಲವಾಗುತ್ತವೆ. ಗನ್ನಿನ ಮೂತಿಯನ್ನು ಹೊಲಿಗೆಯ ಉದ್ದಕ್ಕೆ ಓಡಿಸಿದರಂತೂ ಪದರಗಳ ನಡುವೆ ನೀರು ನುಗ್ಗಿ ಅಲ್ಲೇ ಕೂರುತ್ತದೆ, ಅದು ವಾರಗಟ್ಟಲೆ ಆರುವುದಿಲ್ಲ. ಮನೆಯ ಮೇಲಿನ ಟಾಂಕಿಯಿಂದ ಬರುವ ನೀರಿಗೆ 1 ಬಾರ್ ಒತ್ತಡವೂ ಇರುವುದಿಲ್ಲ. ಹುಡ್ಡಿಗೆ ಅಷ್ಟೇ ಬೇಕು. ಆದ್ದರಿಂದ ಸರ್ವಿಸ್ ಅಂಗಳದವರಲ್ಲಿ ನಮ್ಮ ವಿನಂತಿ: ಬಟ್ಟೆ ಹುಡ್ಡಿನ ಗಾಡಿ ಬಂದರೆ ಗನ್ನನ್ನು ಕಿಟಕಿಯ ಕೆಳಗಿನ ತಗಡಿಗೆ ಮಾತ್ರ ಹಿಡಿಯಿರಿ, ಮೇಲಕ್ಕೆ ಸಾದಾ ಪೈಪಿನ ನೀರು ಬಿಡಿ. ತಿರುಗುವ ಬ್ರಷ್ಷಿನ ಯಂತ್ರದ ಒಳಗೆ ಇಂಥ ಗಾಡಿಯನ್ನು ಒಯ್ಯಲೇಬೇಡಿ.

ತೊಳೆಯುವ ಮೊದಲು ಬಟ್ಟೆ ಯಾವುದೆಂದು ಗೊತ್ತಿರಬೇಕು. ನಮ್ಮ ಕಡೆ ಮೂರು ಬಗೆ ಸಿಗುತ್ತವೆ. ಹಳೆಯ ಜೀಪುಗಳದ್ದು ಹತ್ತಿಯ ಕ್ಯಾನ್ವಾಸ್. ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದರೂ ಅದೇ ನೇಯ್ಗೆ, ಒದ್ದೆಯಾದರೆ ಭಾರವಾಗಿ ಬಿರುಸಾಗುತ್ತದೆ. ಎರಡನೆಯದು ವಿನೈಲ್, ಎಂದರೆ ಬಟ್ಟೆಯ ಮೇಲೆ ಪಿವಿಸಿ ಲೇಪ, ರೆಕ್ಸಿನ್ನಿನ ಜಾತಿ. ಕೈಗೆ ನುಣುಪು, ನೀರು ಒಳಗಿಳಿಯುವುದಿಲ್ಲ. ಮೂರನೆಯದು ಕನ್ವರ್ಟಿಬಲ್ ಕಾರುಗಳ ಮೂರು ಪದರದ ಬಟ್ಟೆ: ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರಿನ ತೆಳು ಹಾಳೆ, ಒಳಗೆ ಪಾಲಿಯೆಸ್ಟರ್ ಅಥವಾ ಹತ್ತಿಯ ಅಸ್ತರಿ. ಜನ ಇದನ್ನು ಮೊಹೇರ್, ಎಂದರೆ ಆಡಿನ ಉಣ್ಣೆಯ ಬಟ್ಟೆ, ಎನ್ನುತ್ತಾರೆ, ಆದರೆ ಅದರಲ್ಲಿ ಉಣ್ಣೆ ಇಲ್ಲ. ಈ ಮೂರನೆಯ ಬಗೆಯಲ್ಲಿ ಮಳೆ ತಡೆಯುವುದು ನಡುವಿನ ರಬ್ಬರು. ಮೇಲಿನ ನೇಯ್ಗೆಗೆ ಹಾಕಿರುವ ನೀರು ಜಾರಿಸುವ ಲೇಪ ನೇಯ್ಗೆ ನೀರು ಕುಡಿಯದಂತೆ ಮಾತ್ರ ನೋಡಿಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯದೆ ಸೋರುವ ಹುಡ್ಡಿಗೆ ಬಾಟಲಿಗಟ್ಟಲೆ ಸ್ಪ್ರೇ ಹೊಡೆದು ಹಣ ಕಳೆದುಕೊಳ್ಳುವವರು ಬಹಳ. ರಬ್ಬರು ಬಿರಿದಿದ್ದರೆ ಯಾವ ಸ್ಪ್ರೇಯೂ ಅದನ್ನು ಮುಚ್ಚದು.

ಉಪ್ಪಿನ ವಿಷಯ ಘಟ್ಟದ ಕೆಳಗಿನವರಿಗೆ ಮುಖ್ಯ. ಬೈತಖೋಲ, ಬೇಲೆಕೇರಿ, ತದಡಿಯಂಥ ಕಡೆ ಕಡಲಿಂದ ಬರುವ ಗಾಳಿಯಲ್ಲೇ ಉಪ್ಪಿನ ಕಣಗಳಿರುತ್ತವೆ. ಅವು ನೇಯ್ಗೆಯ ಒಳಗೆ ಸೇರಿ ಕೂರುತ್ತವೆ. ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗಲು ತೊಡಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವ ಹಾಗೆಯೇ. ಅದಕ್ಕಾಗಿ ಮಳೆ ಇಲ್ಲದ ದಿನವೂ ಕರಾವಳಿಯ ಹುಡ್ಡು ಮುಂಜಾನೆ ಕೈಗೆ ತಣ್ಣಗೆ, ಜಿಗುಟಾಗಿ ಸಿಗುತ್ತದೆ. ತೇವ ಆರದ ಬಟ್ಟೆಯ ಮೇಲೆ ಧೂಳು, ಎಲೆಯ ಪುಡಿ, ಹಕ್ಕಿಯ ಹಿಕ್ಕೆ ಇದ್ದರೆ ಬೂಸ್ಟಿಗೆ ಇನ್ನೇನೂ ಬೇಡ. ಅಕ್ರಿಲಿಕ್ ಎಳೆಯನ್ನು ಬೂಸ್ಟು ತಿನ್ನುವುದಿಲ್ಲ, ಅದು ತಿನ್ನುವುದು ಎಳೆಗಳ ನಡುವಿನ ಕೊಳೆಯನ್ನು. ಹತ್ತಿಯನ್ನಾದರೆ ಬಟ್ಟೆಸಮೇತ ತಿನ್ನುತ್ತದೆ. ಕಡಲ ಹತ್ತಿರ ನಿಲ್ಲುವ ಗಾಡಿಗಳ ಹುಡ್ಡಿಗೆ ಮಳೆ ಇಲ್ಲದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಸೋಪಿಲ್ಲದೆ ಸಿಹಿನೀರು ಸುರಿದು ಉಪ್ಪು ಇಳಿಸಿ, ಬಿಸಿಲಿರುವಾಗಲೇ ಆರಿಸಬೇಕು. ನೀರು ಸಿಹಿಯಾಗಿರಲೇಬೇಕು. ಗಜನಿ (ಉಪ್ಪುನೀರು ಏರುವ ತಗ್ಗು ಗದ್ದೆ) ಪಕ್ಕದ ಬಾವಿ, ಬೋರ್‌ವೆಲ್‌ಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಅದೇ ನೀರಲ್ಲಿ ತೊಳೆದರೆ ಇಳಿಸಿದ್ದಕ್ಕಿಂತ ಹೆಚ್ಚು ಉಪ್ಪನ್ನು ಹತ್ತಿಸಿದಂತೆ.

ಈಗ ತೊಳೆಯುವ ಕ್ರಮ. ಗಾಡಿ ನೆರಳಲ್ಲಿರಬೇಕು, ಹುಡ್ಡು ಮೇಲಕ್ಕೇರಿಸಿ ಬಿಗಿಯಾಗಿ ಕೂರಿಸಿರಬೇಕು, ಬಟ್ಟೆ ಮುಟ್ಟಲು ತಣ್ಣಗಿರಬೇಕು. ಬಿಸಿ ಬಟ್ಟೆಯ ಮೇಲೆ ಸೋಪು ಹಾಕಿದ ಕೂಡಲೇ ಒಣಗಿ ಕಲೆ ಕಟ್ಟುತ್ತದೆ. ನೀರು ಮುಟ್ಟಿಸುವ ಮೊದಲು ಒಣ ಕೆಲಸ ಮುಗಿಸಿ: ಮೆತ್ತನೆಯ ಬ್ರಷ್ಷಿನಿಂದ ಮುಂದಿನಿಂದ ಹಿಂದಕ್ಕೆ ಧೂಳು ಗುಡಿಸಿ, ಸಾಧ್ಯವಿದ್ದರೆ ವ್ಯಾಕ್ಯೂಮ್ ಹಿಡಿಯಿರಿ, ಅಂಟಿದ ನಾರು, ಅಡಿಕೆ ಹಿಂಗಾರದ ಪುಡಿಯನ್ನು ಅಗಲ ಅಂಟುಪಟ್ಟಿಯಿಂದ ಒತ್ತಿ ಎತ್ತಿ. ಯಾಣ, ದೇವಿಮನೆ ಕಡೆ ತಿರುಗಿ ಬಂದ ಗಾಡಿಗೆ ಇದನ್ನು ಬಿಡಲೇಬಾರದು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು ಒಣಗಿದ್ದಾಗ ಕೊಡವಿದರೆ ಹೋಗುತ್ತದೆ. ಒದ್ದೆ ಮಾಡಿ ತಿಕ್ಕಿದರೆ ಹತ್ತಿಯ ಎಳೆಗೆ ಬಣ್ಣವಾಗಿ ಹತ್ತುತ್ತದೆ, ಮತ್ತೆ ಪೂರ್ತಿ ಬಿಡುವುದೇ ಇಲ್ಲ.

ಆಮೇಲೆ ಇಡೀ ಹುಡ್ಡನ್ನು ಒಮ್ಮೆಗೇ ನೆನೆಸಿ. ಒಂದು ಮೂಲೆಯನ್ನು ಮಾತ್ರ ತೊಳೆದರೆ ಅದರ ಅಂಚಿನಲ್ಲಿ ನೀರಿನ ಗೆರೆ ಉಳಿಯುತ್ತದೆ. 4 ಲೀಟರ್ ಉಗುರುಬೆಚ್ಚಗಿನ ನೀರಿಗೆ 60 ಮಿಲಿಲೀಟರ್ ಸೌಮ್ಯವಾದ ದ್ರವ ಸೋಪು ಸಾಕು. ನೀರಿನ ಬಿಸಿ 38 ಡಿಗ್ರಿ ದಾಟಬಾರದು, ಎಂದರೆ ಕೈಗೆ ಹಿತವಾಗಿರಬೇಕು. ಹುಡ್ಡಿಗೆಂದೇ ಬರುವ ಕ್ಲೀನರ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಮಕ್ಕಳ ಶಾಂಪೂ, ಮೇಣ ಬೆರೆಸದ ಕಾರ್ ಶಾಂಪೂ ಆಗುತ್ತದೆ. ಬಟ್ಟೆ ಒಗೆಯುವ ಪುಡಿ ಬೇಡ. ಅದರ ಕ್ಷಾರ ನೀರು ಜಾರಿಸುವ ಲೇಪವನ್ನು ಕಿತ್ತುಹಾಕುತ್ತದೆ, ಅದರಲ್ಲಿನ ಬಿಳುಪು ತೋರಿಸುವ ರಾಸಾಯನಿಕ ಕಪ್ಪು ಹುಡ್ಡಿನ ಮೇಲೆ ನೀಲಿ ಛಾಯೆಯ ಮಂಕನ್ನು ಬಿಡುತ್ತದೆ. ಘಟ್ಟದ ಮೇಲೆ ಕೆಲವರು ಅಂಟುವಾಳ ಕಾಯಿಯ ನೀರು ಬಳಸುತ್ತಾರೆ. ಅದು ಬಟ್ಟೆಗೆ ಮೃದುವೇ, ಆದರೆ ಸೋಸದೆ ಹಾಕಿದರೆ ತಿರುಳಿನ ಕಂದು ಅಂಶ ತೆಳು ಬಣ್ಣದ ಬಟ್ಟೆಗೆ ಹಿಡಿಯುತ್ತದೆ, ಸರಿಯಾಗಿ ಜಾಲಿಸದಿದ್ದರೆ ಬೂಸ್ಟಿಗೆ ಆಹಾರವಾಗುತ್ತದೆ.

ಎರಡಡಿ ಉದ್ದ, ಎರಡಡಿ ಅಗಲದಷ್ಟು ಜಾಗ ಒಮ್ಮೆಗೆ ಹಿಡಿಯಿರಿ. ಸೋಪಿನ ನೀರು ಹಚ್ಚಿ ಎರಡು ಮೂರು ನಿಮಿಷ ಬಿಟ್ಟು, ಕುದುರೆ ಕೂದಲಿನ ಅಥವಾ ಮೆತ್ತನೆ ನೈಲಾನಿನ ಬ್ರಷ್ಷಿನಿಂದ ನೇಯ್ಗೆಯ ಗೆರೆ ಹೋಗುವ ದಿಕ್ಕಿನಲ್ಲೇ ಉಜ್ಜಿ. ಸುತ್ತು ಸುತ್ತಾಗಿ ಉಜ್ಜಿದರೆ ಎಳೆಗಳು ಕೂದಲೆದ್ದು ಕೊಳೆ ಹಿಡಿಯಲು ಜಾಗ ಮಾಡಿಕೊಡುತ್ತವೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರು, ತೆಂಗಿನ ನಾರಿನ ಗುಂಜು ಎರಡೂ ಬಟ್ಟೆಗೆ ಶತ್ರು. ಕೊಳೆ ನೊರೆಯಲ್ಲಿ ಮೇಲೆ ಬಂದಾಗ ಅದನ್ನು ಸ್ಪಂಜಿನಿಂದಲೋ ನೀರೆಳೆಯುವ ವ್ಯಾಕ್ಯೂಮಿನಿಂದಲೋ ಎತ್ತಿಬಿಡಿ, ಒಳಕ್ಕೇ ಮತ್ತೆ ತಿಕ್ಕಬೇಡಿ. ಹೊಲಿಗೆಯ ಸಾಲು, ಹಿಂದಿನ ಕಿಟಕಿಯ ಸುತ್ತಿನ ಮಡಿಕೆ, ಮುಂಗಾಜಿನ ಚೌಕಟ್ಟಿಗೆ ಕೂರುವ ಅಂಚು, ಈ ಮೂರು ಕಡೆ ಹಳೆ ಹಲ್ಲುಜ್ಜುವ ಬ್ರಷ್ಷು ಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಜಾಲಿಸುವುದರಲ್ಲಿ. ಸೋಪಿಗೆ ಹಾಕಿದ ನೀರಿನ ಹತ್ತು ಪಟ್ಟು ನೀರಾದರೂ ಜಾಲಿಸಲು ಬೇಕು. ನೊರೆ ಕಣ್ಣಿಗೆ ಕಾಣದಿದ್ದರೆ ಮುಗಿಯಿತೆಂದು ತಿಳಿಯಬೇಡಿ: ಅಂಗೈಯಿಂದ ಬಟ್ಟೆಯನ್ನು ಒತ್ತಿ ಉಜ್ಜಿದಾಗ ಬಿಳಿ ಗುಳ್ಳೆ ಎದ್ದರೆ ಒಳಗೆ ಸೋಪಿದೆ. ಸೋಪಿನ ಗುಣವೇ ನೀರನ್ನು ಬಟ್ಟೆಯೊಳಗೆ ಎಳೆಯುವುದು. ಅದು ಉಳಿದ ಹುಡ್ಡಿಗೆ ಎಷ್ಟು ದುಬಾರಿಯ ಲೇಪ ಹಾಕಿದರೂ ನೀರು ನಿಲ್ಲುವುದಿಲ್ಲ, ಧೂಳೂ ಬೇಗ ಹತ್ತುತ್ತದೆ. ಲೇಪ ಕೆಟ್ಟ ಮಾಲು ಎಂದು ಅಂಗಡಿಯವರೊಡನೆ ಜಗಳಕ್ಕೆ ಹೋಗುವವರು ಮೊದಲು ಅಂಗೈ ಪರೀಕ್ಷೆ ಮಾಡಿ ನೋಡಲಿ.

ಬೂಸ್ಟಿನ ಕಪ್ಪು ಚುಕ್ಕೆಗಳಿಗೆ ನಮ್ಮೂರಿನಲ್ಲಿ ಕೈಗೆ ಮೊದಲು ಸಿಗುವುದು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್. ದಯವಿಟ್ಟು ಅದನ್ನು ಹುಡ್ಡಿಗೆ ಹಾಕಬೇಡಿ. ಬಣ್ಣ ಎಳೆಯ ಒಳಗೇ ಇರುವ ಅಕ್ರಿಲಿಕ್ ಬಟ್ಟೆ ತೆಳು ಬ್ಲೀಚನ್ನು ತಾಳಬಹುದು. ಅಂಗಡಿಯ ಮುಂದಿನ ಚಪ್ಪರಕ್ಕೆ ಅದು ನಡೆಯುತ್ತದೆ. ಗಾಡಿಯ ಹುಡ್ಡಿನಲ್ಲಿ ಹತ್ತಿಯ ಅಸ್ತರಿ, ಹೊಲಿಗೆಯ ದಾರ, ರಬ್ಬರು, ಸುತ್ತಲಿನ ಪೇಂಟು ಎಲ್ಲವೂ ಇವೆ. ಪುಡಿಯ ಸುಣ್ಣದಂಥ ಅಂಶ ನೇಯ್ಗೆಯಲ್ಲಿ ಬಿಳಿಯಾಗಿ ಉಳಿಯುತ್ತದೆ ಬೇರೆ. ಅದರ ಬದಲು ಬಿಳಿ ವಿನೆಗರ್ 1 ಪಾಲು, ನೀರು 2 ಪಾಲು ಬೆರೆಸಿ, ಮೊದಲು ಕಾಣದ ಮೂಲೆಯೊಂದರಲ್ಲಿ ಹಚ್ಚಿ ನೋಡಿ, ಬಣ್ಣ ಬಿಡದಿದ್ದರೆ ಬೂಸ್ಟಿರುವಲ್ಲಿ ಸಿಂಪಡಿಸಿ 10ರಿಂದ 15 ನಿಮಿಷ ಬಿಡಿ. ಒಣಗಲು ಬಿಡಬಾರದು. ಬ್ರಷ್ಷಾಡಿಸಿ, ಸೋಪಿನಲ್ಲಿ ತೊಳೆದು, ಜಾಲಿಸಿ. ಒಣ ಬೂಸ್ಟನ್ನು ಮನೆಯೊಳಗೆ ಕೊಡವಬಾರದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಯಲಲ್ಲೇ ಮಾಡಬೇಕು. ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದರೂ ಆದೀತು: ವಿನೆಗರನ್ನಾಗಲಿ ಶೌಚಾಲಯ ತೊಳೆಯುವ ಆಸಿಡ್ಡನ್ನಾಗಲಿ ಬ್ಲೀಚಿನ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಬೂಸ್ಟು ಸತ್ತ ಮೇಲೂ ಹತ್ತಿ ಕ್ಯಾನ್ವಾಸಿನಲ್ಲಿ ಕಪ್ಪು ಕಲೆ ಸ್ವಲ್ಪ ಉಳಿಯುತ್ತದೆ. ಅದನ್ನು ತೆಗೆಯಲು ಹಟ ಹಿಡಿದು ತಿಕ್ಕಿದರೆ ಕಲೆಗಿಂತ ಮೊದಲು ಬಟ್ಟೆ ಹೋಗುತ್ತದೆ.

ಕಲೆಗಳು ನಮ್ಮ ನೆಲಕ್ಕೆ ತಕ್ಕಂತೆ ಬೇರೆಬೇರೆ. ಹಲಸಿನ ಮೇಣ, ಮಾವಿನ ಸೊನೆ, ಗೇರುಮರದ ಅಂಟು ಬಿದ್ದರೆ ಹಸಿಯಿರುವಾಗ ಒರೆಸಲು ಹೋಗಬೇಡಿ, ಹರಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಹತ್ತು ನಿಮಿಷ ಇಟ್ಟರೆ ಗಟ್ಟಿಯಾಗಿ ಚಕ್ಕೆ ಏಳುತ್ತದೆ, ಉಳಿದದ್ದನ್ನು ಸೋಪಿನಲ್ಲಿ ಬಿಡಿಸಬಹುದು. ಇಲ್ಲಿ ಸೀಮೆಎಣ್ಣೆ, ಪೆಟ್ರೋಲು, ಥಿನ್ನರು ಹಾಕುವುದು ಗ್ಯಾರೇಜಿನ ಹಳೆ ಚಾಳಿ. ಮೂರು ಪದರದ ಬಟ್ಟೆಯಲ್ಲಿ ಅವು ನಡುವಿನ ರಬ್ಬರನ್ನು ಉಬ್ಬಿಸಿ ಪದರ ಬಿಡಿಸುತ್ತವೆ. ಮೇಲೆ ಗುಳ್ಳೆಗಳಂತೆ ಎದ್ದ ಹುಡ್ಡುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ, ಮತ್ತು ಆ ಗುಳ್ಳೆಗೆ ಮದ್ದಿಲ್ಲ. ಕಾಗೆ, ಬಾವಲಿಯ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಕೆರೆದರೆ ಅದರೊಳಗಿನ ಬೀಜದ ಚೂರು ಎಳೆಗಳನ್ನು ಕೊಯ್ಯುತ್ತದೆ. ಸೋಗೆ ಹೊದಿಸಿದ ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಗಮನಿಸಬೇಕಾದ್ದು, ಮಳೆಗಾಲದಲ್ಲಿ ಹಳೆ ಸೋಗೆಯಿಂದ ತೊಟ್ಟಿಕ್ಕುವ ಕಂದು ನೀರು. ಅದರ ಬಣ್ಣ ಹತ್ತಿಗೆ ಹಿಡಿದರೆ ಬಿಡದು. ಸೋಗೆಯ ಕೆಳಗೆ ಒಂದು ತಗಡೋ ಶೀಟೋ ಇರಲಿ.

ಪೂಜೆಯ ಕಲೆಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಅರಿಶಿನ, ಕುಂಕುಮವನ್ನು ತಗಡಿಗೆ, ಗಾಜಿಗೆ ಹಚ್ಚಿ, ಬಟ್ಟೆಗೆ ಬೇಡ. ಹಚ್ಚಿದ್ದೇ ಆದರೆ ಒಣ ಪುಡಿಯನ್ನು ಮೊದಲು ಕೊಡವಿ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ, ಅದು ಹೊಸ ಕಲೆಯಲ್ಲ, ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುವ ಪರಿ. ಜಾಲಿಸಿ ಬಿಸಿಲಿಗೆ ಬಿಡಿ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ದಿನಗಳಲ್ಲಿ ಮಾಸುತ್ತದೆ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ ಇದ್ದರೆ ಹಾಗೆ ಹೋಗುವುದಿಲ್ಲ. ಒದ್ದೆ ಚೆಂಡುಹೂವಿನ ಹಾರವನ್ನು ರಾತ್ರಿಯಿಡೀ ಹುಡ್ಡಿನ ಮೇಲೆ ಬಿಟ್ಟರೂ ಹಳದಿ ಹತ್ತುತ್ತದೆ. ಹಾರವನ್ನು ಬಾನೆಟ್ಟಿಗೆ ಕಟ್ಟಿದರೆ ಭಕ್ತಿಗೆ ಕೊರತೆಯಾಗದು.

ತೊಳೆದದ್ದು ಒಣಗುವುದು ನಮ್ಮ ಜಿಲ್ಲೆಯಲ್ಲಿ ತೊಳೆಯುವುದಕ್ಕಿಂತ ಕಷ್ಟ. ಆರಿದ್ರಾ, ಪುನರ್ವಸು ಮಳೆಯ ನಡುವೆ ಒಂದು ದಿನ ಬಿಸಿಲು ಕಂಡಿತೆಂದು ಸೋಪು ಹಾಕಿ ತೊಳೆದರೆ ಮೂರು ದಿನವಾದರೂ ಒಳ ಅಸ್ತರಿ ಆರುವುದಿಲ್ಲ. ಆ ಕಾಲದಲ್ಲಿ ಬೂಸ್ಟು ಕಂಡಲ್ಲಿ ಮಾತ್ರ ವಿನೆಗರ್ ಒರೆಸಿ, ಅದು ಒಣಗುವ ಮೊದಲು ಬರೀ ನೀರಿನ ಬಟ್ಟೆಯಲ್ಲಿ ತೆಗೆದುಬಿಡಿ. ಪೂರ್ತಿ ತೊಳೆಯುವುದಕ್ಕೆ ವರ್ಷದಲ್ಲಿ ಎರಡು ಹೊತ್ತು: ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಒಮ್ಮೆ, ಮತ್ತೆ ಏಪ್ರಿಲ್‌ನಿಂದ ಮೇ ಮಧ್ಯದೊಳಗೆ ಒಮ್ಮೆ. ನೀರು ಜಾರಿಸುವ ಲೇಪ ಹಾಕಬೇಕಾದ್ದು ಈ ಎರಡನೆಯ ಸಲ, ಮೃಗಶಿರಕ್ಕೆ ಮೊದಲು. ಆಯುಧಪೂಜೆಯ ದಿನಕ್ಕೆ ಮಳೆ ಪೂರ್ತಿ ನಿಂತಿರದಿದ್ದರೆ ಹುಡ್ಡನ್ನು ಬರೀ ಸಿಹಿನೀರಲ್ಲಿ ತೊಳೆದು ಪೂಜೆ ಮುಗಿಸಿ, ಸೋಪಿನ ಕೆಲಸವನ್ನು ದೀಪಾವಳಿಯ ಹೊತ್ತಿಗೆ ಇಟ್ಟುಕೊಳ್ಳಿ.

ಒಣಗುವಾಗ ಹುಡ್ಡು ಚೌಕಟ್ಟಿನ ಮೇಲೇ, ಎಲ್ಲ ಬಟನ್ ಹಾಕಿ ಬಿಗಿದಿರಬೇಕು. ಹತ್ತಿ ಕ್ಯಾನ್ವಾಸನ್ನು ಬಿಚ್ಚಿ ಹಗ್ಗಕ್ಕೆ ಹಾಕಿ ಒಣಗಿಸಿದರೆ ಕುಗ್ಗುತ್ತದೆ. ಮತ್ತೆ ಕೂರಿಸುವಾಗ ಬಟನ್ನು ಒಂದು ಬೆರಳಿನಷ್ಟು ದೂರ ನಿಲ್ಲುತ್ತದೆ, ಎಳೆದು ಹಾಕಿದರೆ ಹೊಲಿಗೆ ಹರಿಯುತ್ತದೆ. ಒಳ್ಳೆಯ ಬಿಸಿಲು ಗಾಳಿಯಲ್ಲೂ 24 ಗಂಟೆ ಕೊಡಿ. ಗಾಡಿಯ ಗಾಜುಗಳನ್ನು ಎರಡು ಬೆರಳು ಇಳಿಸಿ, ಒಳಗೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಅಸ್ತರಿ ಬೇಗ ಆರುತ್ತದೆ. ಮೇಲೆ ಒಣಗಿ ಒಳಗೆ ಹಸಿಯಿರುವ ಹುಡ್ಡನ್ನು ಮಡಚಿದರೆ ಮಡಿಕೆಯ ಗೆರೆಯಲ್ಲೇ ಬೂಸ್ಟು ಸಾಲು ಹಿಡಿಯುತ್ತದೆ, ರಬ್ಬರೂ ಆ ಗೆರೆಯಲ್ಲೇ ಮೊದಲು ಬಿರಿಯುತ್ತದೆ. ಮಳೆಯಲ್ಲಿ ನೆನೆದ ಹುಡ್ಡನ್ನು ಅನಿವಾರ್ಯವಾಗಿ ಮಡಚಿದರೆ ಮನೆಗೆ ಬಂದ ಕೂಡಲೇ ಬಿಚ್ಚಿ ಏರಿಸಿಡಿ. ನೀಲಿ ಟಾರ್ಪಾಲನ್ನು ಬಿಗಿದು ಕಟ್ಟಿ ಮುಚ್ಚುವ ಅಭ್ಯಾಸ ಇನ್ನೂ ಕೆಟ್ಟದ್ದು. ನೆಲದ ತೇವ ಏರಿ ಅದರ ಅಡಿಯಲ್ಲಿ ಬೆವರಾಗಿ ಕೂರುತ್ತದೆ. ಮುಚ್ಚಲೇಬೇಕಾದರೆ ಗಾಳಿಯಾಡುವ ಕವರ್ ಬೇಕು. ಟಾರ್ಪಾಲೇ ಗತಿಯಾದರೆ ನಾಲ್ಕು ಗೂಟಕ್ಕೆ ಕಟ್ಟಿ ಹುಡ್ಡಿನಿಂದ ಒಂದಡಿ ಮೇಲೆ ಚಪ್ಪರದಂತೆ ನಿಲ್ಲಿಸಿ.

ಲೇಪದ ಸಮಯ ಬಂದಿದೆಯೇ ಎಂದು ತಿಳಿಯಲು ಒಣ ಹುಡ್ಡಿನ ಮೇಲೆ ಒಂದು ಲೋಟ ನೀರು ಸುರಿಯಿರಿ. ಮಣಿಮಣಿಯಾಗಿ ಉರುಳಿದರೆ ಈ ವರ್ಷಕ್ಕೆ ಬೇಡ. ನಿಮಿಷದೊಳಗೆ ಬಟ್ಟೆ ಕಪ್ಪಗಾಗಿ ನೀರು ಕುಡಿದರೆ ಬೇಕು. ಬಟ್ಟೆ ಹುಡ್ಡಿಗೆಂದೇ ಇರುವ, ಗಾಳಿಯಾಡಲು ಬಿಡುವ ಲೇಪವನ್ನೇ ಆರಿಸಿ. 303 ಫ್ಯಾಬ್ರಿಕ್ ಗಾರ್ಡ್, ರಾಗ್‌ಟಾಪ್, ರೆನೊವೊ ಈ ಕೆಲಸಕ್ಕೆ ಬಳಕೆಯಲ್ಲಿರುವ ಹೆಸರುಗಳು. ಜೀಪಿನ ಮಾಡಿಗೆ ಮಾತ್ರವಾದರೆ ಅರ್ಧ ಲೀಟರ್, ಬದಿಯ ಪರದೆಗಳೂ ಸೇರಿದರೆ 1 ಲೀಟರ್ ಹತ್ತಿರ ಬೇಕಾಗುತ್ತದೆ. ಹಳೆಯ ಹತ್ತಿ ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಗಾಜು, ಪೇಂಟು, ಪ್ಲಾಸ್ಟಿಕ್ ಕಿಟಕಿಯನ್ನು ಹಳೆ ಪತ್ರಿಕೆ ಮತ್ತು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಒಂದು ದಪ್ಪ ಕೈಗಿಂತ ಎರಡು ತೆಳು ಕೈ ಮೇಲು: ಮೊದಲನೆಯದು ಉದ್ದಕ್ಕೆ, ಅದು ಆರಿದ ಮೇಲೆ ಎರಡನೆಯದು ಅಡ್ಡಕ್ಕೆ. ಹೊಲಿಗೆಗಳಿಗೆ ಬ್ರಷ್ಷಿನಿಂದ ಇನ್ನೊಮ್ಮೆ ಹಚ್ಚಿ. ಬಟ್ಟೆ ಪೂರ್ತಿ ಒಣಗಿರಬೇಕು, ಗಾಳಿ 21 ಡಿಗ್ರಿಗಿಂತ ಬೆಚ್ಚಗಿರಬೇಕು, ಆಮೇಲೆ 24 ಗಂಟೆ ಮಳೆಯಾಗಲಿ ಇಬ್ಬನಿಯಾಗಲಿ ತಾಗಬಾರದು. ಬೆಚ್ಚಗಿನ ಗಾಳಿ ಇಲ್ಲಿ ಕಷ್ಟವಲ್ಲ. ಶಿರಸಿ ಕಡೆಯ ಡಿಸೆಂಬರ್ ಇಬ್ಬನಿ ಮಾತ್ರ ಲೇಪ ಕೆಡಿಸುತ್ತದೆ, ಅಲ್ಲಿನವರು ಬೇಸಿಗೆಯನ್ನೇ ಕಾಯಬೇಕು. ಹಳೆಯ ಹತ್ತಿ ಕ್ಯಾನ್ವಾಸಿಗೆ ಮೇಣದ ಲೇಪ ಈಗಲೂ ಒಳ್ಳೆಯದೇ, ಆದರೆ ಬಿಸಿಲಿಗೆ ಜಿಗುಟಾಗಿ ಧೂಳು ಹಿಡಿಯುತ್ತದೆ, ಬೆಂಕಿಗೂ ಬೇಗ ಹತ್ತುತ್ತದೆ. ಮೂರು ಪದರದ ಬಟ್ಟೆಗೆ ಮೇಣ ಬೇಡವೇ ಬೇಡ.

ಒಂದು ಪ್ರಾರ್ಥನೆ. ಇಂಥ ಲೇಪಗಳಲ್ಲಿ ಹಲವು ಫ್ಲೋರಿನ್ ಸೇರಿದವು. ಮಣ್ಣಲ್ಲಿ, ನೀರಲ್ಲಿ ಅವು ಬೇಗ ನಾಶವಾಗುವುದಿಲ್ಲ. ಬಾವಿಕಟ್ಟೆಯ ಪಕ್ಕ, ತೋಟದ ಕಾಲುವೆಯ ಮೇಲೆ ಈ ಕೆಲಸ ಮಾಡಬೇಡಿ. ಫ್ಲೋರಿನ್ ಇಲ್ಲದ್ದು ಸಿಕ್ಕರೆ ಅದನ್ನೇ ಕೊಳ್ಳಿ, ವರ್ಷಕ್ಕೆ ಎರಡು ಸಲ ಹಚ್ಚಬೇಕಾಗಿ ಬಂದರೂ ಸರಿ.

ಬಣ್ಣ ಮಾಸಿದ ಹುಡ್ಡಿಗೆ ಸಂತೆಯಲ್ಲಿ ಸಿಗುವ ಬಟ್ಟೆ ಬಣ್ಣ ಕಲಸಿ ಹಚ್ಚುವವರಿದ್ದಾರೆ. ಅಕ್ರಿಲಿಕ್ ಎಳೆ ಆ ಬಣ್ಣವನ್ನು ಹಿಡಿಯುವುದಿಲ್ಲ. ಮೊದಲ ಮಳೆಗೆ ಅದು ಇಳಿದು ಬಿಳಿ ಪೇಂಟಿನ ಮೇಲೆ ಹರಿಯುತ್ತದೆ. ಹುಡ್ಡಿಗೆಂದು ಬರುವ ರಿವೈವರ್‌ಗಳಲ್ಲಿ ಎಳೆಗೆ ಅಂಟುವ ವರ್ಣದ್ರವ್ಯ ಇರುತ್ತದೆ. ತೊಳೆದು ಪೂರ್ತಿ ಆರಿದ ಬಟ್ಟೆಗೆ ಅಗಲ ಬ್ರಷ್ಷಿನಿಂದ, ನಡುವೆ ಎಲ್ಲೂ ನಿಲ್ಲಿಸದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆಯಬೇಕು. ನಿಲ್ಲಿಸಿದಲ್ಲಿ ಗೆರೆ ಬೀಳುತ್ತದೆ. ಬಣ್ಣ ಆದ ಮೇಲೆ ಲೇಪ, ಎಂದೂ ತಿರುಗುಮುರುಗಾಗಿ ಅಲ್ಲ, ಲೇಪದ ಮೇಲೆ ಬಣ್ಣ ನಿಲ್ಲದು. ವಿನೈಲಿಗೆ ಈ ರಿವೈವರ್ ನಡೆಯುವುದಿಲ್ಲ.

ವಿನೈಲ್ ಹುಡ್ಡಿನವರಿಗೆ ಕೆಲಸ ಸುಲಭ: ಅದೇ ಸೋಪು, ಅದೇ ಬ್ರಷ್ಷು, ಒರೆಸಿ ಒಣಗಿಸಿದರಾಯಿತು. ಅದು ಸಾಯುವುದು ಬಿಸಿಲಿನಿಂದ. ಪಿವಿಸಿಯನ್ನು ಮೆತ್ತಗಿಡುವ ಅಂಶ ವರ್ಷಗಳಲ್ಲಿ ಹೊರಗೆ ಹೋಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮಿರುಗಲೆಂದು ತೆಂಗಿನೆಣ್ಣೆ ಸವರುವುದು ನಮ್ಮಲ್ಲಿ ಸಾಮಾನ್ಯ. ಎರಡು ದಿನ ಹೊಳೆಯುತ್ತದೆ, ಆಮೇಲೆ ಧೂಳು ಕಟ್ಟಿ, ಕಮಟು ವಾಸನೆ ಬಂದು, ಬೂಸ್ಟು ಹಿಡಿಯುತ್ತದೆ. ನೀರಿನಲ್ಲಿ ಬೆರೆಸಿ ತಯಾರಿಸಿದ, ಬಿಸಿಲು ತಡೆಯುವ ವಿನೈಲ್ ಲೇಪವನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಒರೆಸಿದರೆ ಸಾಕು.

ಪ್ಲಾಸ್ಟಿಕ್ ಕಿಟಕಿಗಳನ್ನು ಒಣಗಿದ್ದಾಗ ಒರೆಸಬಾರದು. ಧೂಳಿನ ಕಣವೇ ಗೀರು ಹಾಕುತ್ತದೆ. ಧಾರಾಳ ನೀರು ಸುರಿದು, ಸೋಪಿನ ಮೈಕ್ರೋಫೈಬರ್ ಬಟ್ಟೆಯಲ್ಲಿ ನೇರ ಗೆರೆಯಾಗಿ ಒರೆಸಿ. ಗಾಜಿಗೆ ಹಾಕುವ ಅಮೋನಿಯಾ ದ್ರವ, ಸ್ಪಿರಿಟ್ ಬಿದ್ದರೆ ಅದು ಮಸುಕಾಗಿ ಸೀಳುತ್ತದೆ. ತೆಳು ಗೀರು, ಹಳದಿಯನ್ನು ಪ್ಲಾಸ್ಟಿಕ್ ಪಾಲಿಶ್ ಸ್ವಲ್ಪ ಮಟ್ಟಿಗೆ ಇಳಿಸುತ್ತದೆ. ಆಚೆ ಕಾಣದಷ್ಟು ಹಳದಿಯಾಗಿದ್ದರೆ ಪಾಲಿಶ್ ಮಾಡುತ್ತ ಕೂರಬೇಡಿ, ರಾತ್ರಿ ಘಟ್ಟ ಇಳಿಯುವಾಗ ಹಿಂದಿನ ಲಾರಿ ಕಾಣದಿದ್ದರೆ ಪ್ರಾಣಕ್ಕೆ ಕುತ್ತು. ಕಿಟಕಿಯ ಹಾಳೆಯೊಂದನ್ನೇ ಬಿಚ್ಚಿ 0.75ರಿಂದ 1 ಮಿಲಿಮೀಟರ್ ದಪ್ಪದ ಹೊಸ ಪಾರದರ್ಶಕ ಹಾಳೆ ಹೊಲಿಸಬಹುದು. ಅದಕ್ಕಾಗಿ ಇಡೀ ಹುಡ್ಡು ಎಸೆಯಬೇಕಿಲ್ಲ.

ಹಾಗೆಯೇ ಸೋರುವ ಹುಡ್ಡುಗಳಲ್ಲಿ ಬಹುಪಾಲು ಬಟ್ಟೆಯಲ್ಲಿ ಸೋರುವುದಿಲ್ಲ, ಹೊಲಿಗೆಯಲ್ಲಿ ಸೋರುತ್ತವೆ. ಹೊಲಿಸುವಾಗ ಹತ್ತಿ ದಾರ ಹಾಕಿಸಬೇಡಿ, ಎರಡು ಮಳೆಗಾಲದಲ್ಲಿ ಕೊಳೆಯುತ್ತದೆ. ಬಾಂಡೆಡ್ ಪಾಲಿಯೆಸ್ಟರ್ ದಾರ, ಅಳತೆಯಲ್ಲಿ ಟೆಕ್ಸ್ 90, ಅದಕ್ಕೆ 18ನೇ ನಂಬರಿನ ಸೂಜಿ, 4ರಿಂದ 5 ಮಿಲಿಮೀಟರ್ ಉದ್ದದ ಟಾಕೆ ಎಂದು ಟೇಲರರಿಗೆ ಹೇಳಿ. ಟಾಕೆ ತೀರ ಸಣ್ಣದಾದರೆ ತೂತುಗಳೇ ಸಾಲಾಗಿ ಬಟ್ಟೆ ಅಲ್ಲೇ ಹರಿಯುತ್ತದೆ. ಹಳೆ ಹೊಲಿಗೆಯನ್ನು ಬಿಚ್ಚಿದರೆ ಹಳೆಯ ತೂತುಗಳ ಮೇಲೇ ಹೊಸ ಟಾಕೆ ಬೀಳುವಂತೆ ಯಂತ್ರದ ಚಕ್ರವನ್ನು ಕೈಯಲ್ಲಿ ತಿರುಗಿಸಿ ಹೊಲಿಯುವ ಟೇಲರರು ಕಾರವಾರದಲ್ಲೂ ಶಿರಸಿಯಲ್ಲೂ ಇದ್ದಾರೆ. ಅಂಥವರಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೊಲಿದ ಮೇಲೆ ಒಳಬದಿಯಿಂದ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ತೆಳ್ಳಗೆ ಎಳೆಯಬೇಕು. ಸಿಲಿಕೋನ್ ಗಮ್ಮನ್ನು ಮೆತ್ತಿದರೆ ಮುಂದೆ ಅದರ ಮೇಲೆ ಯಾವ ಲೇಪವೂ, ಯಾವ ಅಂಟೂ ಹಿಡಿಯುವುದಿಲ್ಲ.

ಹುಡ್ಡನ್ನು ಹೊರುವ ಕಬ್ಬಿಣದ ಕಮಾನುಗಳನ್ನು ಮರೆಯಬಾರದು. ಹುಡ್ಡು ಇಳಿಸಿದ ದಿನ ಅವುಗಳ ತುಕ್ಕನ್ನು ಉಜ್ಜಿ, ಜಿಂಕ್ ಪ್ರೈಮರ್ ಹೊಡೆದು, ಪೇಂಟು ಮಾಡಿ ಪೂರ್ತಿ ಒಣಗಿಸಿಯೇ ಬಟ್ಟೆ ಕೂರಿಸಿ. ಇಲ್ಲವಾದರೆ ಕಮಾನಿನ ಗೆರೆಯುದ್ದಕ್ಕೂ ಕಂದು ಪಟ್ಟೆ ಇಳಿದು ಬಟ್ಟೆಯೂ ಅಲ್ಲೇ ಪುಡಿಯಾಗುತ್ತದೆ. ಝಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿ. ಕೀಲುಗಳಿಗೆ ಬಿಳಿ ಲಿಥಿಯಂ ಗ್ರೀಸು, ಬಾಗಿಲಿನ ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಗ್ರೀಸು. ಬೀಡಿಂಗಿಗೆ ವ್ಯಾಸಲೀನು, ಎಂಜಿನ್ ಆಯಿಲು ಹಚ್ಚಿದರೆ ರಬ್ಬರು ಉಬ್ಬುತ್ತದೆ.

ಕನ್ವರ್ಟಿಬಲ್ ಕಾರಿನವರು ಮಳೆಗಾಲಕ್ಕೆ ಮೊದಲು ಒಂದು ಕೆಲಸ ತಪ್ಪದೆ ಮಾಡಬೇಕು. ಹುಡ್ಡಿನ ಮೇಲಿಂದ ಇಳಿದ ನೀರು ಹಿಂದಿನ ಸೀಟಿನ ಬದಿಯ ಕೊಳವೆಗಳ ಮೂಲಕ ಕಾರಿನ ಅಡಿಗೆ ಹೋಗುವ ವ್ಯವಸ್ಥೆ ಇರುತ್ತದೆ. ಸುರಗಿ, ಗಾಳಿಮರದ ಎಲೆಪುಡಿ ಅದರಲ್ಲಿ ಕಟ್ಟಿದರೆ ನೀರು ಕಾಲಡಿಯ ಕಾರ್ಪೆಟ್ಟಿಗೆ ಬರುತ್ತದೆ. ಆಗ ಹುಡ್ಡು ಸೋರುತ್ತಿದೆ ಎಂದು ಮಾಲಕರು ಹೊಸ ಹುಡ್ಡಿಗೆ ಲಕ್ಷ ರೂಪಾಯಿಯ ಮಾತಾಡುತ್ತಾರೆ. ಕಾಲು ಲೀಟರ್ ನೀರನ್ನು ನಿಧಾನವಾಗಿ ಎರೆದು ಕೆಳಗೆ ಬರುತ್ತದೋ ನೋಡಿ. ಬರದಿದ್ದರೆ ಹುಲ್ಲು ಕೊಯ್ಯುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ಆಡಿಸಿ ಬಿಡಿಸಿ. ತಂತಿ ತೂರಿಸಿದರೆ ಕೊಳವೆ ತೂತಾಗಿ, ನೀರು ಕಾಣದ ಕಡೆ ಇಳಿದು ತಗಡನ್ನೇ ತಿನ್ನುತ್ತದೆ.

ಇಷ್ಟಾಗಿಯೂ ಆಯುಷ್ಯ ಮುಗಿದ ಹುಡ್ಡು ಇದ್ದೇ ಇರುತ್ತದೆ: ಬೆಳಕಿಗೆ ಹಿಡಿದರೆ ಚುಕ್ಕೆ ಚುಕ್ಕೆ ಬೆಳಕು ಕಾಣುವಂಥದ್ದು, ಹೆಬ್ಬೆರಳಿನಿಂದ ಒತ್ತಿ ಎಳೆದರೆ ಹರಿಯುವಂಥದ್ದು. ಅದನ್ನು ಬದಲಿಸಿ. ಹಳೆಯದು ವಿನೈಲ್ ಆಗಿದ್ದರೆ ದಯಮಾಡಿ ಸುಡಬೇಡಿ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ ಸೇರುತ್ತವೆ. ಗ್ಯಾರೇಜುಗಳ ಹಿತ್ತಲಲ್ಲಿ ಸಂಜೆ ಹೊತ್ತು ಇವನ್ನು ಸುಡುವುದು ನಿಲ್ಲಬೇಕು. ಗಟ್ಟಿಯಿರುವ ಭಾಗ ಕಟ್ಟಿಗೆ ರಾಶಿಗೆ, ಪಂಪ್‌ಸೆಟ್ಟಿಗೆ ಮುಚ್ಚಿಗೆಯಾಗುತ್ತದೆ. ಉಳಿದದ್ದನ್ನು ನಗರಸಭೆ, ಪಟ್ಟಣ ಪಂಚಾಯಿತಿಗಳು ಒಣ ಕಸದಲ್ಲಿ ಬೇರೆಯಾಗಿ ತೆಗೆದುಕೊಳ್ಳುವ ಏರ್ಪಾಡು ಮಾಡಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇವೆ. ಬಾಡಿಗೆಗೆ ಜೀಪು, ಥಾರ್ ಓಡಿಸುವ ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆಯ ಮಾಲಕರು ನವೆಂಬರ್‌ನ ಹಂಗಾಮು ಏರುವ ಮೊದಲೇ ಹುಡ್ಡುಗಳನ್ನು ಟೇಲರರಿಗೆ ತೋರಿಸಿದರೆ ಒಳ್ಳೆಯದು. ಡಿಸೆಂಬರ್ ರಜೆಯ ಹೊತ್ತಿಗೆ ಎಲ್ಲರೂ ಒಟ್ಟಿಗೇ ಬಂದರೆ ಸೀಲರ್ ಆರಲು ಬೇಕಾದ ಒಂದು ದಿನವನ್ನೂ ಯಾರೂ ಕೊಡುವುದಿಲ್ಲ, ಅರೆಬರೆ ಒಣಗಿದ ಹುಡ್ಡು ಅದೇ ರಾತ್ರಿ ರಸ್ತೆಗಿಳಿಯುತ್ತದೆ.

ತಮ್ಮ ವಿಶ್ವಾಸಿಗಳು,
ಹುಡ್ಡು ಹೊಲಿಗೆ ಮತ್ತು ದುರಸ್ತಿ ಕೆಲಸಗಾರರು,
ಕಾರವಾರ